ಎಂಜಿನ್ ಎಣ್ಣೆಯ ಬದಲಾವಣೆ ಮತ್ತು ವಿಲೇವಾರಿ

ಎಂಜಿನ್ ಎಣ್ಣೆಯ ಬದಲಾವಣೆ ಎಂದರೆ ಮೋಟಾರು ವಾಹನದ ಎಂಜಿನ್ನಿನಲ್ಲಿ ಬಳಕೆಯಾಗಿ ಗುಣ ಕಳೆದುಕೊಂಡ ಕೀಲೆಣ್ಣೆಯನ್ನು ಹೊರತೆಗೆದು, ಶೋಧಕವನ್ನು (ಆಯಿಲ್ ಫಿಲ್ಟರ್) ಬದಲಿಸಿ, ಹೊಸ ಎಣ್ಣೆಯನ್ನು ತುಂಬುವ ಕ್ರಿಯೆ. ಇದು ಕಾರಿನ ನಿರ್ವಹಣೆಯಲ್ಲಿ ಅತ್ಯಂತ ಮುಖ್ಯವಾದ ಕೆಲಸಗಳಲ್ಲಿ ಒಂದು. ಹೊರತೆಗೆದ ಎಣ್ಣೆಯು ಭಾರತದ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯವಾಗಿರುವುದರಿಂದ ಅದರ ವಿಲೇವಾರಿಯೂ ಅಷ್ಟೇ ಮುಖ್ಯವಾಗಿದೆ.

ಎಣ್ಣೆಯ ಕಾರ್ಯ

ಎಂಜಿನ್ ಎಣ್ಣೆಯು ಪಿಸ್ಟನ್, ಬೇರಿಂಗ್ ಮೊದಲಾದ ಚಲಿಸುವ ಭಾಗಗಳ ನಡುವೆ ತೆಳುವಾದ ಪದರವಾಗಿ ನಿಂತು ಘರ್ಷಣೆಯನ್ನು ತಗ್ಗಿಸುತ್ತದೆ. ಶಾಖವನ್ನು ಸಾಗಿಸುವುದು, ಮಸಿ ಹಾಗೂ ಲೋಹದ ಕಣಗಳನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಮತ್ತು ತುಕ್ಕನ್ನು ತಡೆಯುವುದು ಅದರ ಇತರ ಕಾರ್ಯಗಳು. ಕಾಲಕ್ರಮೇಣ ಶಾಖ ಮತ್ತು ಆಮ್ಲಜನಕದ ಪ್ರಭಾವದಿಂದ ಎಣ್ಣೆ ಕೆಡುತ್ತದೆ. ಅದರಲ್ಲಿ ಬೆರೆಸಿರುವ ರಾಸಾಯನಿಕಗಳು ಕ್ಷೀಣಿಸುತ್ತವೆ. ಎಣ್ಣೆ ಕಪ್ಪಾದ ಮಾತ್ರಕ್ಕೆ ಕೆಟ್ಟಿದೆ ಎಂದು ಹೇಳಲಾಗದು. ಮಸಿಯನ್ನು ಹಿಡಿದಿಟ್ಟುಕೊಳ್ಳುವ ಗುಣದಿಂದಲೂ ಅದು ಕಪ್ಪಾಗುತ್ತದೆ. ಆದ್ದರಿಂದ ಬಣ್ಣಕ್ಕಿಂತ, ಓಡಿದ ದೂರ ಮತ್ತು ಕಳೆದ ಕಾಲವನ್ನು ಆಧರಿಸಿ ಬದಲಿಸುವುದು ಸೂಕ್ತ.

ಅವಧಿ ಮತ್ತು ಆಯ್ಕೆ

ಇಂದಿನ ಅನೇಕ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಇವೆರಡರಲ್ಲಿ ಯಾವುದು ಮೊದಲೋ ಅದನ್ನು ಅವಧಿಯಾಗಿ ಸೂಚಿಸಲಾಗುತ್ತದೆ. ನಿಖರವಾದ ಅವಧಿ ವಾಹನದ ಕೈಪಿಡಿಯಲ್ಲಿರುತ್ತದೆ. ಧೂಳಿನ ರಸ್ತೆ, ನಗರದ ದಟ್ಟಣೆ ಹಾಗೂ ಪದೇ ಪದೇ ಮಾಡುವ ಕಿರು ಪ್ರಯಾಣಗಳು ಈ ಅವಧಿಯನ್ನು ಕಡಿಮೆ ಮಾಡುತ್ತವೆ.

ಎಣ್ಣೆಯ ಡಬ್ಬಿಯ ಮೇಲಿನ '5ಡಬ್ಲ್ಯು-30' ಎಂಬಂತಹ ಗುರುತು ಅದರ ಸ್ನಿಗ್ಧತೆಯನ್ನು ಸೂಚಿಸುತ್ತದೆ. 'ಡಬ್ಲ್ಯು' ಅಕ್ಷರವು ಚಳಿಗಾಲವನ್ನು ಸೂಚಿಸುತ್ತದೆ. ಮೊದಲ ಸಂಖ್ಯೆ ಕಡಿಮೆಯಿದ್ದಷ್ಟೂ ಎಣ್ಣೆ ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ. ಎರಡನೆಯ ಸಂಖ್ಯೆ ಬಿಸಿಯಾದ ಸ್ಥಿತಿಯಲ್ಲಿನ ಸ್ನಿಗ್ಧತೆಗೆ ಸಂಬಂಧಿಸಿದ್ದು.

ಬದಲಾಯಿಸುವ ವಿಧಾನ

1. ಎಂಜಿನ್ನನ್ನು ಕೆಲವು ನಿಮಿಷ ಚಾಲನೆಯಲ್ಲಿಟ್ಟು ನಿಲ್ಲಿಸಬೇಕು. ಬೆಚ್ಚಗಿನ ಎಣ್ಣೆ ಸರಾಗವಾಗಿ ಹರಿಯುತ್ತದೆ. ಕುದಿಯುವಷ್ಟು ಬಿಸಿಯಿದ್ದರೆ ಸುಟ್ಟಗಾಯವಾಗುತ್ತದೆ.
2. ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಅಡೆ ಕೊಡಬೇಕು. ಕಾರನ್ನು ಎತ್ತಿದ್ದರೆ ಆಧಾರ ಸ್ತಂಭಗಳನ್ನು (ಜಾಕ್ ಸ್ಟ್ಯಾಂಡ್) ಇಡಬೇಕು. ಕೇವಲ ಜಾಕ್‌ನ ಆಸರೆಯಲ್ಲಿರುವ ಕಾರಿನ ಕೆಳಗೆ ಎಂದಿಗೂ ನುಸುಳಬಾರದು.
3. ಅಗಲವಾದ ಪಾತ್ರೆಯನ್ನಿಟ್ಟು ಎಣ್ಣೆಯ ತೊಟ್ಟಿಯ ತಳದಲ್ಲಿರುವ ಡ್ರೈನ್ ಬೋಲ್ಟನ್ನು ಬಿಚ್ಚಬೇಕು. ಎಣ್ಣೆ ಪೂರ್ತಿ ಬಸಿದ ಬಳಿಕ ಹೊಸ ವಾಷರ್ ಹಾಕಿ ಬೋಲ್ಟನ್ನು ಮತ್ತೆ ಬಿಗಿಯಬೇಕು.
4. ಹಳೆಯ ಶೋಧಕವನ್ನು ತೆಗೆದು, ಅದರ ರಬ್ಬರ್ ಉಂಗುರ ಎಂಜಿನ್ನಿಗೆ ಅಂಟಿಕೊಂಡು ಉಳಿದಿಲ್ಲವೆಂದು ನೋಡಬೇಕು. ಹೊಸದರ ಉಂಗುರಕ್ಕೆ ಎಣ್ಣೆ ಸವರಿ, ಅದರ ಮೇಲಿನ ಸೂಚನೆಯಂತೆ ಬಿಗಿಯಬೇಕು.
5. ಕೈಪಿಡಿಯಲ್ಲಿ ಹೇಳಿದಷ್ಟು ಎಣ್ಣೆ ತುಂಬಬೇಕು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 3ರಿಂದ 4 ಲೀಟರ್ ಬೇಕಾಗುತ್ತದೆ.
6. ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಸೋರಿಕೆಯನ್ನು ಪರೀಕ್ಷಿಸಬೇಕು. ನಿಲ್ಲಿಸಿದ ಕೆಲವು ನಿಮಿಷಗಳ ಬಳಿಕ ಅಳತೆಕಡ್ಡಿಯಲ್ಲಿ (ಡಿಪ್‌ಸ್ಟಿಕ್) ಮಟ್ಟವು ಎರಡು ಗುರುತುಗಳ ನಡುವೆ ಇರಬೇಕು. ಕಡಿಮೆಯಂತೆ ಹೆಚ್ಚಾದರೂ ಎಂಜಿನ್ನಿಗೆ ಹಾನಿ.

ಬಳಸಿದ ಎಣ್ಣೆಯ ಅಪಾಯಗಳು

ಬಳಸಿದ ಎಣ್ಣೆಯಲ್ಲಿ ಸವೆದ ಲೋಹಗಳ ಕಣಗಳೂ ಇಂಧನದ ದಹನದಿಂದ ಉಂಟಾದ ವಿಷಕಾರಿ ಹೈಡ್ರೋಕಾರ್ಬನ್‌ಗಳೂ ಸೇರಿರುತ್ತವೆ. ದೀರ್ಘಕಾಲ ಪದೇ ಪದೇ ಚರ್ಮಕ್ಕೆ ತಗಲುವುದು ಹಾನಿಕರವಾದ್ದರಿಂದ ಕೈಗವಸು ಧರಿಸಬೇಕು. ಚರಂಡಿಗೆ ಸುರಿದ ಎಣ್ಣೆ ಮಳೆನೀರಿನೊಡನೆ ಕೆರೆಗಳನ್ನು ಸೇರುತ್ತದೆ. ಬೆಂಗಳೂರಿನಂತಹ ನಗರಗಳಲ್ಲಿ ರಾಜಕಾಲುವೆಗಳು ಇದಕ್ಕೆ ದಾರಿಯಾಗುತ್ತವೆ. ನೀರಿನ ಮೇಲೆ ಹರಡಿದ ಎಣ್ಣೆಯ ಪೊರೆ ಗಾಳಿಯ ಆಮ್ಲಜನಕ ನೀರಿಗೆ ಬೆರೆಯುವುದನ್ನು ತಡೆದು ಜಲಚರಗಳಿಗೆ ಕುತ್ತಾಗುತ್ತದೆ. ಮಣ್ಣಿಗೆ ಸುರಿದರೆ ಅಂತರ್ಜಲವೂ ಮಲಿನಗೊಳ್ಳಬಹುದು.

ಗೆದ್ದಲು ಹಿಡಿಯದಂತೆ ಮರಕ್ಕೆ ಬಳಿಯುವುದು, ಕಟ್ಟಡ ಕೆಲಸದ ಸೆಂಟ್ರಿಂಗ್ ಹಲಗೆಗಳಿಗೆ ಹಚ್ಚುವುದು, ಒಲೆ ಅಥವಾ ಭಟ್ಟಿಯಲ್ಲಿ ಉರಿಸುವುದು ಮುಂತಾದ ಬಳಕೆಗಳು ರೂಢಿಯಲ್ಲಿವೆ. ಇವೆಲ್ಲವೂ ಅದರ ವಿಷವನ್ನು ಮಣ್ಣು, ನೀರು ಅಥವಾ ಗಾಳಿಗೆ ಸೇರಿಸುವುದರಿಂದ ಸುರಕ್ಷಿತ ಮಾರ್ಗಗಳಲ್ಲ.

ಸುರಕ್ಷಿತ ವಿಲೇವಾರಿ

ಬಸಿದ ಎಣ್ಣೆಯನ್ನು ಸೋರದ ಡಬ್ಬಿಯಲ್ಲಿ ತುಂಬಿ, ಬಿಗಿಯಾಗಿ ಮುಚ್ಚಳ ಹಾಕಿ, ಹೆಸರು ಬರೆದು ಮಕ್ಕಳಿಗೆ ಸಿಗದಂತೆ ಇಡಬೇಕು. ಕುಡಿಯುವ ನೀರಿನ ಬಾಟಲಿಗಳನ್ನು ಬಳಸಬಾರದು. ಪೆಟ್ರೋಲ್, ಬ್ರೇಕ್ ಎಣ್ಣೆ, ರೇಡಿಯೇಟರಿನ ಶೀತಕ ದ್ರವ ಅಥವಾ ನೀರನ್ನು ಬೆರೆಸಿದರೆ ಮರುಸಂಸ್ಕರಣೆ ಕಷ್ಟವಾಗುತ್ತದೆ. ನೆಲಕ್ಕೆ ಚೆಲ್ಲಿದ್ದನ್ನು ಮರದ ಹೊಟ್ಟು ಅಥವಾ ಮರಳಿನಿಂದ ಹೀರಿಸಬೇಕೇ ಹೊರತು ನೀರಿನಿಂದ ತೊಳೆಯಬಾರದು. ಶೋಧಕವನ್ನೂ ಬಸಿಯಲು ಬಿಟ್ಟು ಪ್ರತ್ಯೇಕವಾಗಿ ಇಡಬೇಕು. ಬಳಿಕ ಇವುಗಳನ್ನು ಅಧಿಕೃತ ಮರುಸಂಸ್ಕರಣಕಾರರಿಗೆ ಎಣ್ಣೆ ಒಪ್ಪಿಸುವ ಸೇವಾ ಕೇಂದ್ರಕ್ಕೆ ಕೊಡಬೇಕು.

ಮರುಸಂಸ್ಕರಣೆಯಲ್ಲಿ ನೀರು ಮತ್ತು ಕಶ್ಮಲವನ್ನು ಬೇರ್ಪಡಿಸಿ, ನಿರ್ವಾತ ಬಟ್ಟಿ ಇಳಿಸುವಿಕೆಯಂತಹ ವಿಧಾನಗಳಿಂದ ಮೂಲ ಎಣ್ಣೆಯನ್ನು ಮರಳಿ ಪಡೆಯಲಾಗುತ್ತದೆ. ಸರಿಯಾಗಿ ಸಂಗ್ರಹಿಸಿದ ಎಣ್ಣೆ ಹೀಗೆ ಮತ್ತೆ ಕೀಲೆಣ್ಣೆಯಾಗಬಲ್ಲದು.

ಕಾನೂನು

ಭಾರತದಲ್ಲಿ ಬಳಸಿದ ಎಣ್ಣೆಯು 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳ ವ್ಯಾಪ್ತಿಗೆ ಬರುತ್ತದೆ. 2023ರ ತಿದ್ದುಪಡಿಯ ಮೂಲಕ, ಎಣ್ಣೆಯ ಉತ್ಪಾದಕರು ಮತ್ತು ಆಮದುದಾರರು ಬಳಸಿದ ಎಣ್ಣೆಯ ಮರುಸಂಸ್ಕರಣೆಗೆ ಹೊಣೆಗಾರರಾಗುವ ವ್ಯವಸ್ಥೆ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಕರ್ನಾಟಕದಲ್ಲಿ ಅಪಾಯಕಾರಿ ತ್ಯಾಜ್ಯದ ಉಸ್ತುವಾರಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದಾಗಿದೆ.