ತುಂಗಭದ್ರೆಯ ಮರಳದಂಡೆ

ನಮ್ಮ ಕೊಪ್ಪಳ ಸೀಮೆಗೆ ಕಡಲಿಲ್ಲ. ಮರಳದಂಡೆ ಕೊಟ್ಟವಳು ತುಂಗಭದ್ರೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ಹೊಳೆಗಿಳಿದಾಗಲೆಲ್ಲ ನಾನು ಮೊದಲು ಹುಡುಕುವುದು ನೀರುನಾಯಿಯ ಹೆಜ್ಜೆ, ಮೀನಿನ ಮುಳ್ಳು ಬೆರೆತ ಹಿಕ್ಕೆ.

1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿನ ಹರಿಗೋಲನ್ನು ವರ್ಣಿಸಿದ್ದಾನೆ: ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುವಷ್ಟು ಅಗಲ, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದರಂತೆ. 1953ರಲ್ಲಿ ಮುನಿರಾಬಾದಿನ ಅಣೆಕಟ್ಟು ನೀರು ಹಿಡಿದ ಮೇಲೆ ಹೊಳೆಯ ಏರಿಳಿತ ಗೇಟುಗಳ ಪಾಲಾಯಿತು. ಮರಳು ಲಾರಿಗಳೂ ಸಿಡಿಮದ್ದಿನಿಂದ ಮೀನು ಹಿಡಿಯುವವರೂ ಆಮೇಲೆ ಬಂದರು.

2015ರಲ್ಲಿ ಸರ್ಕಾರ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಮರಿ ಹಾಕಲು ಅವಕ್ಕೆ ಬಂಡೆಸಂದು, ಜೊಂಡುಹುಲ್ಲು, ದಂಡೆಯ ಬಿಲ ಬೇಕು. ಹಾಗಾಗಿ ಇಲ್ಲಿಂದ ಒಂದು ಬುಟ್ಟಿ ಮರಳೆತ್ತುವುದನ್ನೂ ನಾನು ಒಪ್ಪಲಾರೆ.