ಕೇಬಲ್‌ನವನ ಗೋವಾ

2015ರ ಜುಲೈ 31ರಂದು ಹಿಂದಿಯ ‘ದೃಶ್ಯಂ’ ತೆರೆಕಂಡಾಗ ಗೋವಾದಲ್ಲಿ ಅದಕ್ಕೆ ನನ್ನಷ್ಟು ಆಸೆಯಿಂದ ಕಾದವರು ಕಡಿಮೆ ಇರಬೇಕು. ಕಥಾನಾಯಕ ಕೇಬಲ್ ಆಪರೇಟರ್, ಊರು ಗೋವಾ. ನಾನು ವಾಸ್ಕೋದ ಮಂಗೋರ್ ಹಿಲ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದೇ ಕಸುಬು ಮಾಡಿಕೊಂಡು ಬಂದವನು. ಜೀತು ಜೋಸೆಫ್ ಅವರ ಮಲಯಾಳಂ ಮೂಲ 2013ರ ಡಿಸೆಂಬರ್ 19ರಂದು, ಸರಿಯಾಗಿ ಗೋವಾ ವಿಮೋಚನೆಯ ದಿನವೇ, ಬಿಡುಗಡೆಯಾಗಿತ್ತು. ಅದನ್ನು ನೋಡಿದ್ದೆ. ಮರುವರ್ಷ ಪಿ. ವಾಸು ನಿರ್ದೇಶನದಲ್ಲಿ ರವಿಚಂದ್ರನ್ ರಾಜೇಂದ್ರ ಪೊನ್ನಪ್ಪನಾಗಿ ಬಂದ ಕನ್ನಡದ ‘ದೃಶ್ಯ’ವನ್ನೂ ಮನೆಯವರನ್ನೆಲ್ಲ ಕೂರಿಸಿಕೊಂಡು ನೋಡಿದ್ದೆ. ಕಥೆ ಈಗ ನಮ್ಮೂರಿಗೇ ಬರುತ್ತಿದೆ ಎಂದರೆ ಆಸೆಪಡದೆ ಇರುವುದು ಹೇಗೆ?

ಪತ್ತೇದಾರಿ ಕಥೆಯ ಹುಚ್ಚು ನನಗೆ ಅಪ್ಪನಿಂದ ಬಂದದ್ದು. ಧಾರವಾಡದ ಕಡೆಯಿಂದ ಬಂದು ಮರ್ಮಗೋವಾ ಬಂದರಿನಲ್ಲಿ ದುಡಿಯುತ್ತಿದ್ದ ಅಪ್ಪ, ಊರಿಗೆ ಹೋದಾಗಲೆಲ್ಲ ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಕಟ್ಟಿಕೊಂಡು ತರುತ್ತಿದ್ದರು. ನಾಲ್ಕನೇ ತರಗತಿಯವರೆಗಷ್ಟೇ ಓದಿದ ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನಿಂದಲೇ ಕನ್ನಡ ಅಕ್ಷರ ಕೂಡಿಸಿ ಓದುವುದನ್ನು ರೂಢಿ ಮಾಡಿಕೊಂಡ ಬಂದರಿನ ಕೂಲಿಗಳನ್ನು ನಾನೇ ಕಂಡಿದ್ದೇನೆ. ಕನ್ನಡಿಗರ ಪತ್ತೇದಾರಿ ಕಲ್ಪನೆಗೆ ಗೋವಾ ಸೇರಿದ್ದು 1968ರಲ್ಲಿ, ‘ಗೋವಾದಲ್ಲಿ ಸಿ.ಐ.ಡಿ. 999’ ಚಿತ್ರದಿಂದ. ಪೋರ್ಚುಗೀಸರು ಹೋಗಿ ಆಗಿನ್ನೂ ಏಳು ವರ್ಷ. ‘ಜೇಡರ ಬಲೆ’ಯಲ್ಲಿ ಶುರುವಾದ ರಾಜ್‌ಕುಮಾರ್ ಅವರ ಏಜೆಂಟ್ ಪ್ರಕಾಶನನ್ನು ದೊರೆ-ಭಗವಾನ್ ಜೋಡಿ ಇಲ್ಲಿಗೆ ಕರೆತಂದಿತು. ನಟಿ ಲಕ್ಷ್ಮಿ ಕನ್ನಡಕ್ಕೆ ಬಂದದ್ದೂ ಆ ಚಿತ್ರದಲ್ಲೇ. ಅಲ್ಲಿಯ ಗೋವಾ ಸಾಹಸಕ್ಕೆ ಒದಗಿದ ರಂಗಸಜ್ಜು, ಅಷ್ಟೇ. ಗೂಢಚಾರನ ಕಥೆಗೆ ಅಷ್ಟು ಸಾಕು, ಯಾಕೆಂದರೆ ಗೂಢಚಾರ ಊರಿಗೆ ಹೊರಗಿನವನು. ‘ದೃಶ್ಯಂ’ ಆ ಜಾತಿಯ ಕಥೆಯಲ್ಲ. ಅದರ ನಾಯಕ ಊರಿನ ಒಳಗಿನವನು, ಮನೆಯವರ ಕೈಯಲ್ಲಾದ ಒಂದು ಸಾವನ್ನು ಪೊಲೀಸರಿಂದ ಮುಚ್ಚಲು ಊರವರ ನೆನಪನ್ನೇ ಸಾಕ್ಷಿಯಾಗಿ ತಿದ್ದಿಕೊಳ್ಳುವವನು. ಹಾಗಾಗಿ ಊರು ಸುಳ್ಳಾದರೆ ಆ ಕಥೆಯ ಬುಡವೇ ಸಡಿಲ.

ಊರ ಒಳಗಿನವನಾಗುವುದು ಹೇಗೆಂದು ನಮ್ಮ ಕಸುಬು ಚೆನ್ನಾಗಿ ಕಲಿಸಿತ್ತು. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ಡಿಶ್ ಎಂಬುದರ ಹೆಸರು ಎಲ್ಲರ ಬಾಯಿಗೆ ಬಂತು. ಅದೇ ವರ್ಷ ಏಷ್ಯಾಸ್ಯಾಟ್ ಉಪಗ್ರಹದಿಂದ ಸ್ಟಾರ್ ಟಿವಿ ಇಳಿಯತೊಡಗಿತು. ಮನೆಯ ತಾರಸಿಯ ಮೇಲೆ ಜಾಲರಿಯ ದೊಡ್ಡ ಡಿಶ್, ಕೆಳಗೆ ಒಂದು ಕೋಣೆಯಲ್ಲಿ ರಿಸೀವರ್, ಮಾಡ್ಯುಲೇಟರ್, ಎರಡು ವಿಸಿಆರ್. ಅದಕ್ಕೆ ನಾವು ಕಂಟ್ರೋಲ್ ರೂಮ್ ಅನ್ನುತ್ತಿದ್ದೆವು. ಮೇನ್ ಲೈನು ಎಳೆಯಲು ಗೋವಾದಲ್ಲಿ ಕಂಬ ಹುಡುಕಬೇಕಿರಲಿಲ್ಲ, ತೆಂಗಿನ ಮರಗಳಿದ್ದವು. ಮರದ ಯಜಮಾನನಿಗೆ ಪುಕ್ಕಟೆ ಕನೆಕ್ಷನ್ ಕೊಟ್ಟರೆ ಮುಗಿಯಿತು. ಮರ ಗಾಳಿಗೆ ತೂಗಿದಾಗ ಲೈನು ಹರಿಯದಿರಲೆಂದು ಪ್ರತಿ ಮರದಲ್ಲೂ ಒಂದು ಸುತ್ತು ಸಡಿಲ ಬಿಡುವುದು ಇಲ್ಲಿಯ ಹುಡುಗರಿಗೆ ಮಾತ್ರ ಗೊತ್ತಿದ್ದ ಜಾಣತನ. ಜೂನ್ ಬಂತೆಂದರೆ ಸಿಡಿಲಿಗೆ ಆಂಪ್ಲಿಫೈಯರ್‌ಗಳು ಸಾಲಾಗಿ ಸುಟ್ಟುಹೋಗುತ್ತಿದ್ದವು.

1994ರ ಜೂನ್ 1ಕ್ಕೆ ಉದಯ ಟಿವಿ ಶುರುವಾಯಿತು. ಮಂಗೋರ್ ಹಿಲ್, ಬಾಯ್ನಾ ಕಡೆಯ ಕನ್ನಡದ ಮನೆಗಳಿಗೆ ಅದೊಂದು ಹಬ್ಬ. ಅಲ್ಲಿಂದ ಮುಂದೆ, ‘ಅಣ್ಣಾ, ಉದಯ ಬರಾಕತ್ತಿಲ್ರೀ’ ಎಂದು ಮಧ್ಯರಾತ್ರಿ ಬಾಗಿಲು ಬಡಿಯುವವರಿಗೆ ಲೆಕ್ಕವಿಲ್ಲ. ಮರುವರ್ಷ ಕೇಬಲ್ ಕಾಯಿದೆ ಬಂತು. ನಾವೆಲ್ಲ ಪ್ರಧಾನ ಅಂಚೆ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಕಾನೂನಿನ ಕಣ್ಣಿಗೆ ಬಿದ್ದೆವು.

ರಾತ್ರಿ ಹನ್ನೊಂದಕ್ಕೆ ಸಿನಿಮಾ ಹಾಕುವುದು ನಮ್ಮ ಕಸುಬಿನ ಮುಖ್ಯ ಸೇವೆಯಾಗಿತ್ತು. ಕ್ಯಾಸೆಟ್ ಮುಗಿದಾಗ ಇನ್ನೊಂದು ಹಾಕಲು ಯಾರಾದರೂ ಎದ್ದಿರಲೇಬೇಕಿತ್ತು. ಮಾಲೀಕನೇ ಎದ್ದಿರುತ್ತಿದ್ದ. ಹಾಗಾಗಿ ನಮ್ಮಲ್ಲಿ ಹೆಚ್ಚು ಓದದವನೂ ಭಾಷೆ ಬರದಿದ್ದರೂ ನೂರಾರು ಸಿನಿಮಾ ನೋಡಿರುತ್ತಿದ್ದ. ಜೀತು ಜೋಸೆಫ್ ಇದನ್ನು ಬಲ್ಲವರು. ಅವರ ನಾಯಕ ಜಾರ್ಜ್‌ಕುಟ್ಟಿ ಶಾಲೆಯನ್ನು ಅರ್ಧಕ್ಕೆ ಬಿಟ್ಟವನು, ಅಂಗಡಿಗೆ ಹೆಂಡತಿಯ ಹೆಸರಿಟ್ಟವನು, ರಾತ್ರಿ ಮನೆಗೆ ಹೋಗದೆ ಕಂಟ್ರೋಲ್ ರೂಮಿನಲ್ಲೇ ಸಿನಿಮಾ ನೋಡುವವನು. ಕಾನೂನು, ಸಾಕ್ಷಿ, ಪೊಲೀಸರ ವಿಚಾರಣೆ, ಎಲ್ಲ ಅವನಿಗೆ ಬಂದದ್ದು ಅಲ್ಲಿಂದ. ಮೋಹನ್‌ಲಾಲ್ ಅವರ ಆ ನಿದ್ದೆಗೆಟ್ಟ, ಸ್ವಲ್ಪ ಜುಗ್ಗತನದ ಮುಖ ನೋಡಿ ನಾನು ಹಾಲ್‌ನಲ್ಲೇ ನನ್ನ ಜೊತೆಗಾರನ ಕೈ ಹಿಡಿದುಕೊಂಡಿದ್ದೆ.

ಹಿಂದಿಯವರು ನಾಯಕನಿಗೆ ವಿಜಯ್ ಸಾಳಗಾಂವಕರ್ ಎಂದು ಹೆಸರಿಟ್ಟರು. ಊರಿಗೆ ಪಾಂಡೋಳಿಮ್ ಎಂದು ಕಲ್ಪಿತ ಹೆಸರು. ಕೇಡಿ ಪೊಲೀಸನಿಗೆ ಗಾಯ್ತೊಂಡೆ. ಹೆಸರುಗಳೆಲ್ಲ ಇಲ್ಲಿಯವೇ, ಒಪ್ಪೋಣ. ಆದರೆ ಅವರ ಬಾಯಲ್ಲಿ ಕೊಂಕಣಿ ಹುಡುಕಿದರೂ ಸಿಗುವುದಿಲ್ಲ ಅನ್ನುವಷ್ಟು ಕಡಿಮೆ. ಮೂಲದ ಜಾರ್ಜ್‌ಕುಟ್ಟಿ ಕ್ರೈಸ್ತ. ಸಾವು ನಡೆದ ದಿನ ಮತ್ತು ಮರುದಿನ ತನ್ನ ಕುಟುಂಬ ತೊಡುಪುಳದಲ್ಲಿ ಚರ್ಚಿನವರ ಧ್ಯಾನ ಕೂಟದಲ್ಲಿತ್ತು ಎಂಬುದೇ ಅವನ ಸುಳ್ಳಿನ ಆಧಾರ. ಹಿಂದಿಯಲ್ಲಿ ಅದು ಪಣಜಿಯಲ್ಲಿ ಸ್ವಾಮಿಗಳೊಬ್ಬರ ಸತ್ಸಂಗವಾಯಿತು. ಕನ್ನಡದಲ್ಲಿ ಕೊಡಗಿಗೋ ತಮಿಳಿನಲ್ಲಿ ತಿರುನೆಲ್ವೇಲಿಗೋ ಕಥೆಯನ್ನು ಒಯ್ದವರು ಹೀಗೆ ಮಾಡಿದರೆ ನನಗೆ ಅರ್ಥವಾಗುತ್ತದೆ. ಆದರೆ ಗೋವಾ? 2011ರ ಜನಗಣತಿಯಂತೆ ಇಲ್ಲಿ ನಾಲ್ಕರಲ್ಲೊಬ್ಬರು ಕ್ರೈಸ್ತರು. ಮೂಲದ ಕುಟುಂಬ ಹೆಸರಷ್ಟೇ ಬದಲಿಸಿಕೊಂಡು ನೇರವಾಗಿ ಬಂದು ನೆಲೆಸಬಹುದಾಗಿದ್ದ ರಾಜ್ಯ ಇದು. ಸಿನಿಮಾ ಬರುವ ಕೆಲವೇ ತಿಂಗಳ ಹಿಂದೆ, 2014ರ ನವೆಂಬರ್ 22ರಿಂದ 2015ರ ಜನವರಿ 4ರವರೆಗೆ, ಹತ್ತು ವರ್ಷಕ್ಕೊಮ್ಮೆ ನಡೆಯುವ ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರದ ದರ್ಶನ ಹಳೇ ಗೋವಾದಲ್ಲಿ ನಡೆದಿತ್ತು. ವಾಸ್ಕೋದಿಂದ ಹಿಂದೂಗಳೂ ಸಾಲುಗಟ್ಟಿ ಹೋಗಿದ್ದರು. ನನ್ನ ಹೆಂಡತಿಯೂ ಓಣಿಯ ಹೆಂಗಸರ ಜೊತೆ ಕದಂಬ ಬಸ್ಸು ಹತ್ತಿ ಹೋಗಿ ಬಂದಳು. ಆ ಜನಸಾಗರದಲ್ಲಿ ಯಾರು ಯಾವ ದಿನ ಬಂದರೆಂದು ಯಾರು ಹೇಳಬಲ್ಲರು? ಒಬ್ಬ ಅಪ್ಪ ಸುಳ್ಳನ್ನು ಬಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗ ಗೋವಾದಲ್ಲಿಲ್ಲ. ಅದು ಕಣ್ಣೆದುರಿಗಿದ್ದೂ ಚಿತ್ರದವರು ಕಾಣದೆ ಹೋದರು.

ನನಗೆ ಇನ್ನೂ ನೋವಾದದ್ದು ತಾರೀಖಿನ ವಿಷಯದಲ್ಲಿ. ಮೂಲದಲ್ಲಿ ಸಾವು ನಡೆಯುವುದು ಆಗಸ್ಟ್ 2ಕ್ಕೆ. ಅದು ಏನೂ ವಿಶೇಷವಿಲ್ಲದ ದಿನ, ಆದ್ದರಿಂದಲೇ ಕಥೆಗಾರ ಅದನ್ನು ಆರಿಸಿದ್ದು. ನಾಯಕ ಆಮೇಲೆ ಕುಟುಂಬವನ್ನು ಕರೆದುಕೊಂಡು ಹೋಗಿ, ಬಸ್ಸಿನ ಕಂಡಕ್ಟರ್, ಹೋಟೆಲಿನವನು, ಸಿನಿಮಾ ಟಾಕೀಸಿನವನು ಎಲ್ಲರಿಗೂ ಮುಖ ತೋರಿಸಿ, ಅದು 2 ಮತ್ತು 3ನೇ ತಾರೀಖು ಎಂದು ಅವರ ತಲೆಯಲ್ಲಿ ಕೂರಿಸುತ್ತಾನೆ. ಒಂದು ಸಾದಾ ದಿನವನ್ನು ಇನ್ನೊಂದು ಸಾದಾ ದಿನದ ಜಾಗದಲ್ಲಿ ಇಡುವುದೇ ಇಡೀ ಉಪಾಯ. ಹಿಂದಿಯಲ್ಲಿ ಆ ದಿನವನ್ನು ಅಕ್ಟೋಬರ್ 2 ಮಾಡಿದರು, ಅಂದರೆ ಗಾಂಧಿ ಜಯಂತಿ! ಶಾಲೆ, ಬ್ಯಾಂಕು, ಸರ್ಕಾರಿ ಕಚೇರಿ ಎಲ್ಲಕ್ಕೂ ರಜೆ. ಪಣಜಿ ಬಸ್ಸಿನಲ್ಲಿ ಅಂದು ಯೂನಿಫಾರ್ಮ್ ಹಾಕಿದ ಮಕ್ಕಳಿಲ್ಲ, ಟಿಫಿನ್ ಹಿಡಿದ ಗುಮಾಸ್ತರಿಲ್ಲ. ‘ಅವರು ಬಂದ ದಿನ ಬಸ್ಸಿನಲ್ಲಿ ಶಾಲೆಯ ಮಕ್ಕಳಿದ್ದರೇ?’ ಎಂಬ ಒಂದೇ ಪ್ರಶ್ನೆಗೆ ಕಂಡಕ್ಟರ್ ಎಚ್ಚೆತ್ತುಕೊಳ್ಳುತ್ತಿದ್ದ. ಪುರುಷೋತ್ತಮ ಖಂಡಿತ ಕೇಳುತ್ತಿದ್ದ. ಅದೂ ಅಲ್ಲದೆ, ಝೀ ಟಿವಿ ಶುರುವಾದದ್ದೇ 1992ರ ಅಕ್ಟೋಬರ್ 2ಕ್ಕೆ. ನಮ್ಮ ಕಸುಬಿಗೆ ಅನ್ನ ಹಾಕಿದ ದಿನ ಅದು. ಆ ತಾರೀಖನ್ನು ಬೇರೆ ದಿನದೊಡನೆ ಕಲಸಿಬಿಡಬಹುದು ಎಂದು ಕೇಬಲ್‌ನವನೊಬ್ಬ ಲೆಕ್ಕ ಹಾಕಿದ ಅಂದರೆ ನಾನು ನಂಬಲಾರೆ. ಆ ತಾರೀಖೇ ಆಮೇಲೆ ದೇಶದ ತುಂಬ ಮನೆಮಾತಾಯಿತು, ನಿಜ. ಹಾಗೆ ಸುಲಭವಾಗಿ ನೆನಪಿನಲ್ಲಿ ಉಳಿಯುವ ದಿನ ಅಪರಾಧ ಮುಚ್ಚುವವನಿಗೆ ಒಳ್ಳೆಯದಲ್ಲ.

ಇಷ್ಟೆಲ್ಲ ಹೇಳಿಯೂ ಟಬು ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಬೇಕು. ಮಗನನ್ನು ಕಳೆದುಕೊಂಡ ಪೊಲೀಸ್ ಅಧಿಕಾರಿಯ ಪಾತ್ರವನ್ನು ಮಲಯಾಳಂ, ಕನ್ನಡ ಎರಡರಲ್ಲೂ ಮಾಡಿದವರು ಆಶಾ ಶರತ್. ಅವರ ಸಿಟ್ಟು ನನಗೆ ಇಂದಿಗೂ ಹೆಚ್ಚು ನಿಜವೆನಿಸುತ್ತದೆ. ಆದರೆ ಹಿಂದಿಯಲ್ಲಿ ಅದೇ ಪಾತ್ರ ಮಾಡಿದ ಟಬು ಒಂದು ಮಾತಿಲ್ಲದೆ ನಿಂತಾಗಲೂ ತಾಯಿಯಾಗಿ ಕಾಣುತ್ತಾರೆ. ನಿರ್ದೇಶಕ ನಿಶಿಕಾಂತ್ ಕಾಮತ್ ಕಥೆಯ ಓಟವನ್ನು ಎಲ್ಲೂ ಬಿಡಲಿಲ್ಲ. ಓಟ ಇತ್ತು, ನೆಲ ಇರಲಿಲ್ಲ ಎಂಬುದು ನನ್ನ ದೂರು.

ನಾನು ಆ ತನಿಖೆಯಲ್ಲಿದ್ದಿದ್ದರೆ ಮೊದಲು ಕೇಳುತ್ತಿದ್ದದ್ದು ಕಂಪ್ಲೇಂಟ್ ಪುಸ್ತಕ. ಪ್ರತಿ ಕೇಬಲ್ ಅಂಗಡಿಯಲ್ಲೂ ಒಂದು ಉದ್ದನೆಯ ರೂಲ್ಡ್ ಪುಸ್ತಕ ಇರುತ್ತಿತ್ತು. ಯಾರ ಮನೆ, ಏನು ತೊಂದರೆ, ಎಷ್ಟು ಹೊತ್ತಿಗೆ ಫೋನ್ ಬಂತು, ಯಾರು ಹೋಗಿ ಸರಿ ಮಾಡಿದರು, ಎಲ್ಲ ಅದರಲ್ಲಿ. ಮಾಲೀಕ ಊರಲ್ಲಿಲ್ಲದ ಎರಡು ದಿನ ಆ ಪುಟದಲ್ಲಿ ಅಕ್ಷರವೇ ಬೇರೆ ಇರುತ್ತದೆ, ತೀರದ ದೂರುಗಳು ಹೆಚ್ಚಿರುತ್ತವೆ. ತಿಂಗಳ ಮೊದಲ ವಾರ ವಸೂಲಿಯ ಹೊತ್ತಾದ್ದರಿಂದ ರಸೀದಿಗಳೂ ಇರುತ್ತವೆ, ತಾರೀಖಿನ ಸಮೇತ. ಗೋವಾದ ಒಬ್ಬ ಆಪರೇಟರನ ಹತ್ತಿರ ಅರ್ಧ ದಿನ ಕೂತು ಚಹಾ ಕುಡಿದಿದ್ದರೆ ಚಿತ್ರಕಥೆ ಬರೆದವರಿಗೆ ಇದು ಸಿಗುತ್ತಿತ್ತು, ಕಥೆ ಇನ್ನೂ ಬಿಗಿಯಾಗುತ್ತಿತ್ತು.

2022ರಲ್ಲಿ ಬಂದ ಹಿಂದಿ ‘ದೃಶ್ಯಂ’ನ ಎರಡನೇ ಭಾಗದಲ್ಲಿ ವಿಜಯ್ ಸಿನಿಮಾ ಟಾಕೀಸಿನ ಮಾಲೀಕನಾಗಿದ್ದಾನೆ. ಮಲಯಾಳಂನಲ್ಲೂ ಹಾಗೆಯೇ. ಅಷ್ಟರಲ್ಲಿ ನಿಜದ ಕಸುಬೂ ಬದಲಾಗಿತ್ತು. ಡಿಜಿಟಲ್ ಕಡ್ಡಾಯವಾಗಿ ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ಸಿಗ್ನಲ್ ದೂರದ ದೊಡ್ಡ ಕಂಪನಿಗಳಿಂದ ಬರತೊಡಗಿತು. ನಮ್ಮ ಡಿಶ್‌ಗಳನ್ನು ಗುಜರಿಗೆ ಹಾಕಿದೆವು, ನಮ್ಮ ಪಾಲಿಗೆ ಉಳಿದದ್ದು ವಸೂಲಿ ಕೆಲಸ. ಜೊತೆಗಾರರಲ್ಲಿ ಗಟ್ಟಿಯಾಗಿ ನಿಂತವರು ಅದೇ ತೆಂಗಿನ ಮರಗಳ ಮೇಲೆ ಫೈಬರ್ ಎಳೆದು ಇಂಟರ್‌ನೆಟ್ ಕೊಡುತ್ತಿದ್ದಾರೆ. ಅವರಿಗೆ ಈಗ ರಾತ್ರಿಯಿಡೀ ಎದ್ದು ಕೂರುವ ಕೆಲಸವಿಲ್ಲ, ಕೂತು ಸಿನಿಮಾ ನೋಡುವ ಪ್ರಸಂಗವೂ ಇಲ್ಲ.