ಕೋಲಾರ ಚಿನ್ನದ ಗಣಿ: ಸಿಲಿಕೋಸಿಸ್ ಪರಿಹಾರದ ಇತಿಹಾಸ

ಕೋಲಾರ ಚಿನ್ನದ ಗಣಿಗಳಲ್ಲಿ (ಕೆಜಿಎಫ್) ಕಲ್ಲಿನ ಧೂಳು ಕುಡಿದು ಕಾಯಿಲೆಬಿದ್ದ ಕಾರ್ಮಿಕರು ಮತ್ತು ಅವರ ವಾರಸುದಾರರ ಪರಿಹಾರದ ಹಕ್ಕು, ಅದಕ್ಕೆ ಬೇಕಾದ ಪುರಾವೆ ಮತ್ತು ಮೇಲ್ಮನವಿಗಳ ಚರಿತ್ರೆ ಇದು. ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್, ಮಾರಿಕುಪ್ಪಂ ಸುತ್ತಿನ ಗಣಿ ಲೈನುಗಳಿಗೆ (ಕಾರ್ಮಿಕರ ವಸತಿಸಾಲುಗಳಿಗೆ) ಸೇರಿದ ಈ ಕಥೆಯಲ್ಲಿ ಮೂರು ಇಸವಿಗಳು ಒಂದರೊಳಗೊಂದು ಬೆರೆತುಹೋಗಿವೆ. ಭಾರತದ ಮೊದಲ ದೊಡ್ಡ ಸಿಲಿಕೋಸಿಸ್ ವರದಿ 1947ರದು ಎಂದು ವೈದ್ಯಕೀಯ ಬರಹಗಳು ಉಲ್ಲೇಖಿಸುತ್ತವೆ. ಆದರೆ ಅದಕ್ಕೆ ಆಧಾರವಾದ ತಪಾಸಣೆ ನಡೆದದ್ದು 1940–46ರಲ್ಲಿ. ಗಣಿ ಮಾಲೀಕರು ಈ ರೋಗವನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂಬ ಅಧಿಸೂಚನೆ ಬಂದದ್ದು 1952ರಲ್ಲಿ. ವರದಿಯ ವರ್ಷವನ್ನೇ ರೋಗ ಹುಟ್ಟಿದ ವರ್ಷವೆಂದು ಓದಿದರೆ, ಅದಕ್ಕೂ ಮೊದಲಿನ ಅರವತ್ತು ವರ್ಷಗಳ ಧೂಳು ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ.

ಗಣಿಯ ಸಾಮಾನ್ಯ ಚರಿತ್ರೆ ಹಲವು ಕಡೆ ದಾಖಲಾಗಿದೆ. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲಿ ಇಲ್ಲಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಪರಿಹಾರದ ದೃಷ್ಟಿಯಿಂದ ಮುಖ್ಯವಾದದ್ದು ಮಾಲೀಕತ್ವ ಕೈಬದಲಾದ ಸರಣಿ: ಬ್ರಿಟಿಷ್ ಕಂಪನಿಗಳ ನಂತರ 1956ರಲ್ಲಿ ಮೈಸೂರು ರಾಜ್ಯ ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ (ಬಿಜಿಎಂಎಲ್). 1950ರಲ್ಲಿ ಸುರಂಗಕ್ಕಿಳಿದು 1980ರಲ್ಲಿ ನಿವೃತ್ತನಾದವನು ಅದೇ ಶಾಫ್ಟಿನಲ್ಲಿ ನಾಲ್ವರು ಮಾಲೀಕರ ಕೈಕೆಳಗೆ ದುಡಿದಿದ್ದ. ಹಲವು ಮಾಲೀಕರಿದ್ದರೆ ಪರಿಹಾರದ ಹೊಣೆಯನ್ನು ಅವರವರ ಪಾಲಿಗೆ ಹಂಚಬೇಕೆಂದು ಕಾರ್ಮಿಕರ ಪರಿಹಾರ ಕಾಯ್ದೆ (1923–2025) ಹೇಳುತ್ತಿತ್ತು.

ತಡವಾಗಿ ಬಂದ ಗುರುತು

ಕೋಲಾರದ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಅದನ್ನು ಯಂತ್ರದಿಂದ ಕೊರೆದು, ಸಿಡಿಸಿ, ಮಿಲ್ಲಿನಲ್ಲಿ ಪುಡಿ ಮಾಡುವಾಗ ಏಳುವ ಸೂಕ್ಷ್ಮ ಸಿಲಿಕಾ ಕಣಗಳು ಶ್ವಾಸಕೋಶದಾಳಕ್ಕೆ ಇಳಿದು ಗಂಟುಗಟ್ಟುತ್ತವೆ. ಇದೇ ಸಿಲಿಕೋಸಿಸ್. ಒಮ್ಮೆ ಕಟ್ಟಿದ ಗಂಟು ಕರಗುವುದಿಲ್ಲ, ಕೆಲಸ ಬಿಟ್ಟ ಮೇಲೂ ರೋಗ ಬೆಳೆಯುತ್ತದೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಇದರ ಅಧಿಕೃತ ವಿಚಾರಣೆ 1902ರಲ್ಲೇ ಆಗಿತ್ತು. ಬ್ರಿಟನ್ 1918ರಲ್ಲಿ ಸಿಲಿಕೋಸಿಸ್ ಪರಿಹಾರಕ್ಕೆಂದೇ ಕಾಯ್ದೆ ಮಾಡಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1934ರ ಒಪ್ಪಂದದಲ್ಲಿ ಅದನ್ನು ವೃತ್ತಿಜನ್ಯ ರೋಗಗಳ ಪಟ್ಟಿಗೆ ಸೇರಿಸಿತು. ಲಂಡನ್ನಿನಿಂದಲೇ ನಡೆಯುತ್ತಿದ್ದ ಕೋಲಾರದ ಗಣಿಗಳಲ್ಲಿ ಮಾತ್ರ ದೊಡ್ಡ ತಪಾಸಣೆ ನಡೆಯಲು 1940 ಬರಬೇಕಾಯಿತು. ಈ ವಿಳಂಬಕ್ಕೆ ಅಜ್ಞಾನ ಕಾರಣವೆಂದು ಹೇಳುವಂತಿಲ್ಲ.

ಕ್ಯಾಪ್ಲನ್ ಮತ್ತು ಬರ್ಡನ್ ಅವರ ಹೆಸರಿನಲ್ಲಿ ಉಲ್ಲೇಖವಾಗುವ ಆ ತಪಾಸಣೆ 7,653 ಕಾರ್ಮಿಕರನ್ನು ಒಳಗೊಂಡಿತ್ತು. ಶೇ. 43.7ರಷ್ಟು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತು. ಇಂಥ ತಪಾಸಣೆ ಕೆಲಸದಲ್ಲಿ ಉಳಿದವರನ್ನೇ ಎಣಿಸುತ್ತದೆ ಎಂಬುದನ್ನು ಅಂಕಿ ಓದುವಾಗ ನೆನಪಿಡಬೇಕು. ಗಣಿ ಕಾರ್ಮಿಕರಲ್ಲಿ ಬಹುಪಾಲು ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಗಳಿಂದ ಬಂದ ತಮಿಳು ಮತ್ತು ತೆಲುಗು ಮಾತಿನ ದಲಿತರು. ಮೈಯಲ್ಲಿ ಶಕ್ತಿ ಉಡುಗಿ ಊರಿಗೆ ಮರಳಿದವರ ಎದೆಯ ಎಕ್ಸ್-ರೇ ತೆಗೆದವರಾರು?

ಇಲ್ಲಿ ಮತ್ತೊಂದು ಗೊಂದಲವೂ ಇದೆ. ಕೋಲಾರದ ಆಳದ ಸುರಂಗಗಳಲ್ಲಿ ಬಂಡೆಸ್ಫೋಟಗಳು ಪದೇ ಪದೇ ಆಗುತ್ತಿದ್ದವು. ಗಣಿಯ ಅಪಾಯ ಎಂದೊಡನೆ ಬರಹಗಾರರ ಕಣ್ಣು ಅತ್ತಲೇ ಹೋಗುತ್ತದೆ. ಬಂಡೆ ಸಿಡಿದು ಸತ್ತವನ ಸಾವಿಗೆ ದಿನ, ಗಂಟೆ, ಸ್ಥಳ ಎಲ್ಲವೂ ರಿಜಿಸ್ಟರಿನಲ್ಲಿ ಸಿಗುತ್ತದೆ. ಧೂಳಿನಿಂದ ಸತ್ತವನಿಗೆ ಅಂಥ ದಿನವೇ ಇಲ್ಲ, ಪರಿಹಾರದ ಕಾಯ್ದೆಯಾದರೋ ದಿನಾಂಕ ಕೇಳುತ್ತಿತ್ತು.

ಎರಡು ವರ್ಷದ ಗಡುವು

ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯ ‘ಸಿ’ ಭಾಗದಲ್ಲಿ ಸಿಲಿಕೋಸಿಸ್ ಇತ್ತು. ನಿಗದಿತ ಅವಧಿಯ ಕೆಲಸ ಮಾಡಿದವನಿಗೆ ಅದು ತಗುಲಿದರೆ ಅಪಘಾತದ ಗಾಯವೆಂದೇ ಭಾವಿಸಬೇಕಿತ್ತು, ಕೆಲಸದಿಂದ ಬಂದದ್ದಲ್ಲ ಎಂದು ಸಾಧಿಸುವ ಹೊಣೆ ಮಾಲೀಕನದಾಗಿತ್ತು. ಇಷ್ಟರ ಮಟ್ಟಿಗೆ ಕಾನೂನು ಕಾರ್ಮಿಕನ ಕಡೆಗಿತ್ತು. ತೊಡಕು ಇದ್ದದ್ದು 10ನೇ ಕಲಮಿನಲ್ಲಿ. ಅರ್ಜಿಗೆ ಎರಡು ವರ್ಷದ ಗಡುವು. ಕೆಲಸ ಬಿಟ್ಟವನಲ್ಲಿ ಎರಡು ವರ್ಷದೊಳಗೆ ಲಕ್ಷಣ ತೋರಿದರೆ, ಅದು ಮೊದಲು ಪತ್ತೆಯಾದ ದಿನವನ್ನೇ ಅಪಘಾತದ ದಿನವೆಂದು ಎಣಿಸಬೇಕಿತ್ತು. ಹತ್ತಿಪ್ಪತ್ತು ವರ್ಷದ ನಂತರ ಉಸಿರುಗಟ್ಟಿದವನ ಮಾತೇನು? ‘ಸೂಕ್ತ ಕಾರಣ’ವಿದ್ದರೆ ತಡವನ್ನು ಮನ್ನಿಸುವ ಅಧಿಕಾರ ಪರಿಹಾರ ಆಯುಕ್ತರಿಗಿತ್ತು, ಆದರೆ ಅದು ಅವರ ವಿವೇಚನೆಗೆ ಬಿಟ್ಟದ್ದು. ರೋಗ ತಗುಲುವುದು ಧೂಳು ಎದೆ ಸೇರಿದಾಗಲೋ ಕೆಮ್ಮು ಹತ್ತಿದಾಗಲೋ ಎಂಬ ಪ್ರಶ್ನೆಯ ಮೇಲೆಯೇ ಇಡೀ ಹಕ್ಕು ನಿಂತಿತ್ತು. ಆಯುಕ್ತರ ಆದೇಶದ ವಿರುದ್ಧ 60 ದಿನಗಳೊಳಗೆ ಹೈಕೋರ್ಟಿಗೆ ಹೋಗಬಹುದಿತ್ತು, ಅದೂ ಮಹತ್ವದ ಕಾನೂನು ಪ್ರಶ್ನೆ ಇದ್ದರೆ ಮಾತ್ರ. ಮೇಲ್ಮನವಿ ಹಾಕುವ ಮಾಲೀಕ ಪರಿಹಾರದ ಹಣವನ್ನು ಮೊದಲು ಠೇವಣಿ ಇಡಬೇಕೆಂಬುದು ಕಾರ್ಮಿಕನಿಗೆ ಇದ್ದ ರಕ್ಷಣೆ.

ಗಣಿ ಕಾಯ್ದೆಗೆ 1983ರಲ್ಲಿ ಸೇರಿದ 9ಎ ಕಲಮು ಇನ್ನೊಂದು ದಾರಿ ತೆರೆಯಿತು. ಗಣಿಕೆಲಸದಿಂದಲೇ ಅನರ್ಹನಾದವನಿಗೆ ಮಾಲೀಕನ ಖರ್ಚಿನಲ್ಲಿ ಚಿಕಿತ್ಸೆ, ಬದಲಿ ಕೆಲಸ, ಅದಿಲ್ಲದಿದ್ದರೆ ಅಂಗವೈಕಲ್ಯ ಭತ್ಯೆ. ನಡೆಯುತ್ತಿರುವ ಗಣಿಗೆ ಹೇಳಿ ಮಾಡಿಸಿದ ನಿಯಮವಿದು. ಬಿಜಿಎಂಎಲ್ ಗಣಿಗಳು 2001ರ ಫೆಬ್ರವರಿ ಕೊನೆಗೆ ಮುಚ್ಚಿದ ಮೇಲೆ ಬದಲಿ ಕೆಲಸ ಕೊಡುವ ಗಣಿಯೇ ಇರಲಿಲ್ಲ.

ಕಾಗದ ಮತ್ತು ಫಿಲ್ಮು

ಮುಚ್ಚುಗಡೆಯೇ ಈ ಚರಿತ್ರೆಯ ನಿಜವಾದ ತಿರುವು. ಸಂಬಳದ ಜೊತೆಗೆ ಪುರಾವೆಯೂ ಕೈತಪ್ಪತೊಡಗಿದ್ದು ಆಗಲೇ. ದಾಖಲೆ ಕಾಪಾಡುವ ಮಾತು ಅದಕ್ಕೂ ಮೊದಲೇ ಬಂದಿತ್ತು: 1995ರ ಕಲ್ನಾರು (ಆಸ್ಬೆಸ್ಟಾಸ್) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಿವೃತ್ತಿಯ ನಂತರವೂ ಆರೋಗ್ಯ ಕಾರ್ಮಿಕನ ಮೂಲಭೂತ ಹಕ್ಕು ಎಂದು ಸಾರಿತು. ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ನಂತರದ್ದೋ ಅಲ್ಲಿಯವರೆಗೆ ಆರೋಗ್ಯ ದಾಖಲೆ ಕಾಪಾಡಬೇಕೆಂದು ಆ ಉದ್ಯಮಕ್ಕೆ ಆದೇಶಿಸಿತು. ಇದೇ ಅಳತೆಯನ್ನು ಕೋಲಾರಕ್ಕೆ ಹಿಡಿದರೆ, 1980ರಲ್ಲಿ ಸೇರಿದವನ ದಾಖಲೆ 2020ರವರೆಗೆ ಇರಬೇಕಿತ್ತು.

ಕೈಯಲ್ಲಿ ಎಕ್ಸ್-ರೇ ಇದ್ದರೂ ವಾದ ಮುಗಿಯುವುದಿಲ್ಲ. ಸಿಲಿಕೋಸಿಸ್‌ನ ಸಣ್ಣ ದುಂಡನೆಯ ಮಚ್ಚೆಗಳು ಶ್ವಾಸಕೋಶದ ಮೇಲ್ಭಾಗದಲ್ಲಿ ಹೆಚ್ಚು, ಕ್ಷಯದ ನೆರಳು ಬೀಳುವುದೂ ಅಲ್ಲೇ. ಸಿಲಿಕಾ ತುಂಬಿದ ಎದೆಗೆ ಕ್ಷಯ ಬೇಗ ಅಂಟುವುದರಿಂದ ಎರಡೂ ಒಟ್ಟಿಗಿರುವುದು ಸಾಮಾನ್ಯ. ಅಂಥಲ್ಲಿ ಸಿಲಿಕೋಸಿಸ್ ಪ್ರಮುಖ ಕಾರಣವಾಗಿದ್ದರೆ ಮಾತ್ರ ಪರಿಹಾರ ಎನ್ನುತ್ತಿತ್ತು ಅನುಸೂಚಿ. ಆಸ್ಪತ್ರೆಯ ಚೀಟಿಯಲ್ಲಿ ‘ಟಿಬಿ’ ಎಂದಷ್ಟೇ ಬರೆದಿದ್ದರೆ ಹಕ್ಕು ಅಲ್ಲಿಗೇ ನಿಲ್ಲುತ್ತಿತ್ತು.

ಮೊತ್ತವೂ ದಿನಾಂಕವನ್ನೇ ಅವಲಂಬಿಸಿತ್ತು. ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ತಿಂಗಳ ಸಂಬಳದ ಶೇ. 60ನ್ನು ವಯಸ್ಸಿನ ಗುಣಕದಿಂದ ಗುಣಿಸುತ್ತಿದ್ದರು. 65 ದಾಟಿದವರಿಗೆ ಗುಣಕ 99.37. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 2000ದಿಂದ 2010ರವರೆಗೆ 4,000 ರೂಪಾಯಿ ಇತ್ತು, ಅಂದರೆ ಆ ವಯಸ್ಸಿನವರಿಗೆ ಹೆಚ್ಚೆಂದರೆ 2,38,488 ರೂಪಾಯಿ.

ಮೂತ್ರಪಿಂಡದ ಪ್ರಶ್ನೆ

ಸಿಲಿಕಾ ಶ್ವಾಸಕೋಶದಲ್ಲೇ ನಿಲ್ಲುವುದಿಲ್ಲ. ಧೂಳಿನ ಕೆಲಸಕ್ಕೂ ದೀರ್ಘಕಾಲದ ಮೂತ್ರಪಿಂಡ ರೋಗಕ್ಕೂ ಇರುವ ನಂಟನ್ನು ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆ 2002ರ ಸಮೀಕ್ಷೆಯಲ್ಲಿ ದಾಖಲಿಸಿದೆ. ಭಾರತದ ಅನುಸೂಚಿ ಸಿಲಿಕಾದ ಹೆಸರಿನಲ್ಲಿ ಒಪ್ಪಿದ್ದು ಶ್ವಾಸಕೋಶದ ರೋಗವನ್ನು ಮಾತ್ರ. ಪಟ್ಟಿಯಲ್ಲಿಲ್ಲದ ರೋಗ ನಿರ್ದಿಷ್ಟ ಅಪಘಾತದಿಂದಲೇ ನೇರವಾಗಿ ಬಂದದ್ದೆಂದು ಸಾಧಿಸಬೇಕಿತ್ತು (ಕಲಮು 3(4)). ಮೂವತ್ತು ವರ್ಷ ಧೂಳು ಕುಡಿದು ಈಗ ಡಯಾಲಿಸಿಸ್‌ಗೆ ಅಲೆಯುವವನು ಯಾವ ಅಪಘಾತವನ್ನು ತೋರಿಸಬೇಕು? ಕೋಲಾರ ಜಿಲ್ಲೆಯ ಅಂತರ್ಜಲದ ಫ್ಲೋರೈಡ್, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಇವೆಲ್ಲ ಪ್ರತಿವಾದಿಯ ಕೈಗೆ ಸಿದ್ಧ ಉತ್ತರಗಳು.

ಮಾಜಿ ಸೈನಿಕರ ಸ್ಥಿತಿ ಇದಕ್ಕಿಂತ ವಾಸಿ. ಸೇರುವಾಗ ಆರೋಗ್ಯವಂತನೆಂದು ದಾಖಲಾದವನಿಗೆ ನಂತರ ಬಂದ ರೋಗ ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅನುಮಾನದ ಲಾಭ ಸೈನಿಕನಿಗೇ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಗಣಿ ಕಾರ್ಮಿಕನಿಗೆ ಅಂಥ ಭಾವನೆ ಅನುಸೂಚಿಯ ರೋಗಗಳಿಗಷ್ಟೇ. ಮುಚ್ಚಿದ ಗಣಿಗಳ ಮಟ್ಟಿಗೆ ಹೆಚ್ಚು ಹೊಂದುವ ಮಾದರಿ ರಾಜಸ್ಥಾನದ 2019ರ ನೀತಿ. ಅಲ್ಲಿ ವೈದ್ಯಕೀಯ ಪ್ರಮಾಣಪತ್ರ ಸಿಕ್ಕರೆ, ಮಾಲೀಕ ಯಾರೆಂದು ಸಾಧಿಸದೆಯೂ ಸರ್ಕಾರವೇ ನೆರವು ಕೊಡುತ್ತದೆ. ಆದರೆ ಆ ಪ್ರಮಾಣಪತ್ರವೂ ಶ್ವಾಸಕೋಶದ ರೋಗಕ್ಕೇ ಸೀಮಿತ.